ಚಾಚಾ ಹಾಕಿದ ಪಂಕ್ತಿ

ಸಾಲ ಮಾಡಿದವನಿಗೆ ಊರಿನ ಸಂದುಗೊಂದುಗಳೆಲ್ಲ ಚೆನ್ನಾಗಿ ಗೊತ್ತಿರುತ್ತವೆ. ನಮ್ಮ ಚಿತ್ರದುರ್ಗದಲ್ಲಂತೂ ಹಳೇ ಕಾಲದ ಓಣಿಗಳಿಗೆ ಬರವಿಲ್ಲ. ಒಂದರ ಬಾಯಲ್ಲಿ ಹೊಕ್ಕರೆ ಬಜಾರಿನ ಯಾರ ಕಣ್ಣಿಗೂ ಬೀಳದೆ ಬಸ್ ಸ್ಟ್ಯಾಂಡ್ ಮುಟ್ಟಬಹುದು. ಅಂಗಡಿಗಳಲ್ಲಿ ಬಾಕಿ ಉಳಿಸಿಕೊಂಡ ಎಷ್ಟೋ ದೊಡ್ಡ ಮನುಷ್ಯರು ತಲೆ ತಗ್ಗಿಸಿ ಆ ಓಣಿ ಹಿಡಿದು ಹೋಗುವುದನ್ನು ನನ್ನ ಮೈಕ್ ಅಂಗಡಿಯ ಹಿಂಬಾಗಿಲಲ್ಲಿ ಕೂತು ನೋಡಿದ್ದೇನೆ. "ಏನ್ ಸ್ವಾಮಿ, ದಾರಿ ತಪ್ಪಿತಾ?" ಎಂದು ಕೂಗಿಯೂ ಇದ್ದೇನೆ. ನನ್ನ ಬಾಯಿಯೇ ಅಂಥದ್ದು.

ಚಾಚಾ ಮಾತ್ರ, ಊರ ತುಂಬ ಸಾಲವಿದ್ದ ಕಾಲದಲ್ಲೂ ನಡು ಬಜಾರಿನಲ್ಲೇ ನಡೆದರು. ತಿಂಗಳ ಮೊದಲ ದಿನ, ಬಿಸಿಲು ಏರುವ ಹೊತ್ತಿಗೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಗಡ್ಡ ಬಾಚಿಕೊಂಡು, ಮದುವೆಗೆ ಹೊರಟವರ ಹಾಗೆ ಹೊರಡುತ್ತಿದ್ದರು. ಹೊರಟಿದ್ದು ಸಾಲ ಕೊಟ್ಟವರ ಬಾಗಿಲಿಗೆ. ಎದುರಾದವರಿಗೆ ತಾವೇ ಮೊದಲು ಸಲಾಮು ಹೇಳುತ್ತಿದ್ದರು. ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಅವರ ವಿಷಯ ಬರೆಯಲು ಕೂತರೆ ನನ್ನ ಕಣ್ಣ ಮುಂದೆ ಬರುವುದು ಆ ನಡಿಗೆಯೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಅವರು ಶಾಮಿಯಾನದ ಚಾಚಾ. ಅವರದು ದುರ್ಗದ ಹಳೇ ಮನೆತನ. ಮುತ್ತಾತನ ಮುತ್ತಾತ ಕೋಟೆಯ ದಂಡಿಗೆ ಡೇರೆ ಹೊಲಿದವನು ಎಂದು ಅವರು ಹೇಳುತ್ತಿದ್ದರು. "ನೋಡಿದೋರು ಯಾರ್ ಚಾಚಾ?" ಎಂದು ನಾನು ಕೆಣಕಿದರೆ, "ಬಟ್ಟೆ ಹೊಲ್ದೋರು ನಾವು, ಮಾತು ಹೊಲಿಯಾದು ನಿನ್ ಕಸುಬು" ಎನ್ನುತ್ತಿದ್ದರು. ಅವರ ಶಾಮಿಯಾನ, ಕುರ್ಚಿ, ಪಾತ್ರೆ. ನನ್ನ ಮೈಕು, ಜನರೇಟರು, ಬಣ್ಣದ ದೀಪ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾವಿಬ್ಬರೂ ಒಂದೇ ಲಗೇಜ್ ಆಟೊದಲ್ಲಿ ಸುತ್ತಿದ ಮದುವೆಗಳಿಗೆ ಲೆಕ್ಕವಿಲ್ಲ. ನನ್ನನ್ನು ಅವರು ಕರೆಯುತ್ತಿದ್ದುದು 'ಮೈಕಪ್ಪ' ಎಂದು.

ಗೂಟ ಹೊಡೆಯುವುದರಲ್ಲಿ ಅವರಿಗೆ ಸಮ ಇನ್ನೊಬ್ಬರನ್ನು ನಾನು ಕಾಣಲಿಲ್ಲ. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಕರೆಂಟಿನ ಗಾಳಿಯಂತ್ರ ನೆಟ್ಟಿರುವುದೇ ಆ ಗಾಳಿಯನ್ನು ನಂಬಿ. ಅಂಥ ಗಾಳಿಯಲ್ಲಿ ಬೇರೆಯವರ ಚಪ್ಪರ ಹಾರಿ ಪಕ್ಕದ ಹೊಲಕ್ಕೆ ಬಿದ್ದದ್ದುಂಟು, ಚಾಚಾ ಕಟ್ಟಿದ್ದು ಹಾರಲಿಲ್ಲ. ಮದುವೆ ಮುಗಿದು ಬಿಚ್ಚುವಾಗ ಕೆಲಸದವರು ಅವಸರಕ್ಕೆ ಹಗ್ಗ ಕೊಯ್ಯಲು ಹೋದರೆ ಮಾತ್ರ ಅವರಿಗೆ ಎಲ್ಲಿಲ್ಲದ ಸಿಟ್ಟು. ಗಂಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಷ್ಟೇ ಬಿಗಿದುಕೊಂಡಿರಲಿ, ಉಗುರಲ್ಲೇ ಬಿಡಿಸುತ್ತಿದ್ದರು. "ಕೊಯ್ದ್ರೆ ಇವತ್ತಿಂದು ಬೇಗ ಮುಗಿತೈತೆ ಕಣ್ರೋ. ನಾಳೆ ಮದ್ವಿಗೆ ಹಗ್ಗ ಎಲ್ಲೈತೆ?"

ಇಂಥವರು ಸಾಲಕ್ಕೆ ಬಿದ್ದದ್ದು ಒಂದು ಡೇರೆಯಿಂದ. ಕಲ್ಯಾಣ ಮಂಟಪಗಳು ಒಂದೊಂದಾಗಿ ಎದ್ದು ನಮ್ಮ ಗಿರಾಕಿಗಳನ್ನು ಎಳೆದುಕೊಳ್ಳತೊಡಗಿದ್ದವು. ಮಂಟಪಕ್ಕೆ ಸಡ್ಡು ಹೊಡೆಯಬೇಕೆಂದು ಚಾಚಾ ಭಾರಿ ಕಬ್ಬಿಣದ ಕಂಬಗಳ, ಮಳೆಗೂ ಜಗ್ಗದ ದೊಡ್ಡ ಡೇರೆ ತರಿಸಿದರು. ಜೊತೆಗೆ ಗಾಜಿನ ತೂಗುದೀಪ, ಮೆತ್ತನೆ ಕುರ್ಚಿ, ವಧೂವರರಿಗೆ ಸಿಂಹಾಸನ. ಫೈನಾನ್ಸಿನ ಸಾಲ, ಪಾತ್ರೆ ಅಂಗಡಿಯಲ್ಲಿ ಉದ್ದರಿ, ಬಟ್ಟೆ ಅಂಗಡಿಯಲ್ಲಿ ಉದ್ದರಿ, ನೆಂಟರಲ್ಲಿ ಕೈಗಡ. ಡೇರೆ ಬಂದು ಎರಡು ಮದುವೆ ಕಂಡಿತ್ತೋ ಇಲ್ಲವೋ, ಕೊರೊನಾ ಬಂತು. ಮದುವೆಗಳು ಮನೆಯ ಪಡಸಾಲೆಗೆ ಸೇರಿದವು. ಸಿಂಹಾಸನದ ಮೇಲೆ ಗೋಡೌನಿನ ಬೆಕ್ಕು ಮರಿ ಹಾಕಿತು.

ಆಮೇಲೆ ಸಾಲ ಕೊಟ್ಟವರು ಬರಲು ಶುರುವಾದರು. ಚಾಚಾ ಆಗ ಮಾಡಿದ ತಪ್ಪು, ನಮ್ಮೂರಲ್ಲಿ ಎಲ್ಲ ಮಾನವಂತರೂ ಮಾಡುವಂಥದ್ದು. ಬಾಗಿಲಲ್ಲಿ ನಿಂತು ಯಾರು ಗಟ್ಟಿಯಾಗಿ ಕೂಗಿದರೋ ಅವರಿಗೆ ಮೊದಲು ಕೊಟ್ಟರು. ಓಣಿಯವರು ಕೇಳಿಸಿಕೊಂಡಾರು ಎಂಬ ನಾಚಿಕೆ. ಒಬ್ಬನ ಬಾಯಿ ಮುಚ್ಚಿಸಲು ಇನ್ನೊಬ್ಬನಲ್ಲಿ ಸಾಲ, ಅವನ ಬಾಯಿ ಮುಚ್ಚಿಸಲು ಮತ್ತೊಬ್ಬನಲ್ಲಿ. ಕೂಗಿದರೆ ದುಡ್ಡು ಬರುತ್ತದೆ ಎಂದು ಗೊತ್ತಾದ ಮೇಲೆ ಸುಮ್ಮನಿದ್ದವರೂ ಕೂಗಲು ಕಲಿತರು. ಮೆತ್ತಗಿದ್ದವರಿಗೆ, ಬಾಗೂರಿನಿಂದ ಮದುವೆಗಳಿಗೆ ಹೂವು ತಂದು ಮಂಟಪ ಕಟ್ಟುತ್ತಿದ್ದ ಹೂವಿನವನಂಥವರಿಗೆ, ಬಿಡಿಗಾಸೂ ಬರಲಿಲ್ಲ. ನನಗೂ ನನ್ನ ದೀಪದ ಬಾಡಿಗೆ ಬಾಕಿಯಿತ್ತು. ಮೈಕಿನವನಾದ ನಾನು ಕೂಗಲಿಲ್ಲವೆಂದರೆ ಅದು ಸ್ನೇಹಕ್ಕೆ ಮಾತ್ರ.

ಆ ದಿನಗಳಲ್ಲಿ ಚಾಚಾ ಸೊರಗಿ ಹೋದರು. ಒಂದು ಸಂಜೆ ಚಂದ್ರವಳ್ಳಿ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ನೀರಿನ ಪಕ್ಕ ಕೂತು ಹೇಳಿದರು.

"ಮೈಕಪ್ಪ, ನಮ್ಮಲ್ಲಿ ಒಂದು ಪದ್ಧತಿ ಐತೆ. ಸತ್ತೋರ್ನ ಎತ್ತಾಕ್ ಮುಂಚೆ, ಕೂಡಿದ್ ಜನಕ್ಕೆ ಮನೆಯೋರು ಕೇಳ್ತಾರೆ. ಇವ್ರು ಯಾರಿಗಾನ ಕೊಡಾದು ಉಳ್ಸಿದ್ರೆ ಹೇಳ್ರಿ, ನಾವು ತೀರುಸ್ತೀವಿ ಅಂತ. ನಮ್ಮಪ್ಪಂಗೆ ನಾನೇ ನಿಂತು ಕೇಳ್ದೆ. ಒಬ್ರೂ ಕೈ ಎತ್ಲಿಲ್ಲ. ಆವತ್ತು ಅತ್ತಿದ್ದೆ ಖರೆ, ಎದೆ ಮಾತ್ರ ಇಷ್ಟಗಲ ಆಗಿತ್ತು." ಮತ್ತೆ ಅಂದರು: "ನಾಳೆ ನನ್ ಮಗ ನಿಂತು ಕೇಳ್ದಾಗ ಎಷ್ಟ್ ಕೈ ಎದ್ದಾವು? ಅವ್ನು ಯಾರ್ ಮಕ ನೋಡ್ಯಾನು? ದುಡ್ಡಿಂದು ಚಿಂತಿಲ್ಲ. ಆ ಒಂದ್ ಗಳಿಗಿಂದೇ ಚಿಂತೆ."

"ಚಾಚಾ, ಕತ್ಲಾಗ್ತೈತೆ, ಹೋಗಾಣ ಬರ್ರಿ" ಎಂದೆ, ಅಷ್ಟೇ.

ಅವರ ಚಿಂತೆಗೆ ಉತ್ತರ ಸಿಕ್ಕಿದ್ದು ಮದಕರಿಪುರದ ಒಂದು ಸಣ್ಣ ಮದುವೆಯಲ್ಲಿ. ನೆಲಕ್ಕೆ ಜಮಖಾನ ಹಾಸಿ ಊಟದ ಪಂಕ್ತಿ ಕೂರಿಸಿದ್ದರು. ವರನ ಕಡೆಯ ದೊಡ್ಡ ಕುಳವೊಬ್ಬರು ಪಂಕ್ತಿಯ ನಡುವೆ ಕೂತು, "ಏಯ್, ಹೋಳಿಗೆ ಇಲ್ಲಿ ಮೊದ್ಲು ತಗಂಬಾ" ಎಂದು ಗದರಿದರು. ಬಡಿಸುತ್ತಿದ್ದ ಮುದುಕ ತಲೆಯನ್ನೂ ಎತ್ತದೆ, "ಕುಂತ್ಕಳ್ರಿ ಯಜಮಾನ್ರೆ, ಒಂದ್ ಕಡೆಯಿಂದ ಬಡುಸ್ಕಂಡು ಬರ್ತೀವಿ. ನಿಮ್ ಎಲಿಗೂ ಬರ್ತೈತೆ" ಎಂದ. ಕುಳ ಸುಮ್ಮನಾಯಿತು. ಹಗ್ಗ ಹಿಡಿದು ಕಂಬದ ಬಳಿ ನಿಂತಿದ್ದ ಚಾಚಾ ಇದ್ದಕ್ಕಿದ್ದಂತೆ ನಗತೊಡಗಿದರು. ಅವರು ನಕ್ಕದ್ದನ್ನು ನೋಡಿ ತಿಂಗಳುಗಳಾಗಿದ್ದವು. ವಾಪಸು ಬರುವಾಗ ಆಟೊದಲ್ಲಿ ನನ್ನ ತೊಡೆಗೆ ಗುದ್ದಿ ಹೇಳಿದರು: "ಜೀವಮಾನೆಲ್ಲಾ ಪಂಕ್ತಿ ನೋಡೀನಿ, ಬುದ್ಧಿ ಬಂದಿರ್ಲಿಲ್ಲ ನೋಡು. ಕೂಗ್ದೋನಿಗೆ ಮೊದ್ಲು ಬಡಿಸಿದ್ರೆ ಕೊನೆ ಎಲಿಗೆ ಏನೂ ಉಳಿಯಲ್ಲ. ಎಲ್ರನ್ನೂ ಒಂದೇ ಪಂಕ್ತಿನಾಗೆ ಕೂರಿಸ್ಬೇಕು."

ಮುಂದಿನ ಭಾನುವಾರ ಗೋಡೌನಿನ ಮುಂದಿನ ಬಯಲಲ್ಲಿ ತಮ್ಮದೇ ಶಾಮಿಯಾನ ಕಟ್ಟಿ, ತಮ್ಮದೇ ಕುರ್ಚಿಗಳನ್ನು ಸಾಲಾಗಿ ಇಟ್ಟು, ಸಾಲ ಕೊಟ್ಟವರನ್ನೆಲ್ಲ ಕರೆಸಿದರು. ಮನೆಮನೆಗೆ ಹೋಗಿ ಮದುವೆಗೆ ಕರೆದ ಹಾಗೆ ಕರೆದಿದ್ದರು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ. "ಬಿರಿಯಾನಿ ಹಾಕಿದ್ರೆ ನಿಮಗೇ ಅನುಮಾನ ಬರ್ತಿತ್ತು" ಎಂದು ನಗಿಸಿದರು. ಮೊದಲ ಕುರ್ಚಿಯಲ್ಲಿ ಫೈನಾನ್ಸ್ ಯಜಮಾನರು. ಹೊಳಲ್ಕೆರೆ ಕಡೆಯವರು, ಎಲ್ಲರಿಗಿಂತ ಹೆಚ್ಚು ಸಾಲ ಅವರದೇ. ಆಮೇಲೆ ಪಾತ್ರೆಯವರು, ಬಟ್ಟೆಯವರು, ಇಬ್ಬರು ನೆಂಟರು, ಹೂವಿನವನು. ತಡವಾಗಿ ಹೋದ ನನಗೆ ಕಟ್ಟಕಡೆಯ ಕುರ್ಚಿ.

ಚಾಚಾ ಎದುರು ನಿಂತು ಯಾರಿಗೆ ಎಷ್ಟು ಕೊಡಬೇಕೆಂದು ಒಬ್ಬೊಬ್ಬರ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಪಕ್ಕದವನ ಬಾಕಿ ನಮಗೆ ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಲ್ಲ ಕೂಡಿದರೆ ಎಷ್ಟೆಂದು ಕೇಳಿ ಮೆಣಸಿನಕಾಯಿ ಹಿಡಿದ ಕೈಗಳು ಅಲ್ಲಲ್ಲೇ ನಿಂತವು.

"ದೊಡ್ಡ ಡೇರೆ ಮಾರ್ತೀನಿ. ಗಿರಾಕಿ ಬಂದೈತೆ, ಲುಕ್ಸಾನಿಗೆ ಕೇಳ್ತಾನೆ, ಕೊಟ್ ಬಿಡ್ತೀನಿ. ಆ ದುಡ್ಡು ಮೊದಲ್ನೇ ಬಡ್ಸೋದು. ಆಮೇಲೆ ತಿಂಗ್ಳಾ ತಿಂಗ್ಳಾ ದುಡಿದಿದ್ರಾಗೆ ಆಳಿನ ಕೂಲಿ, ಮನೆ ಹಿಟ್ಟು ತೆಗ್ದು ಮಿಕ್ಕಿದ್ದೆಲ್ಲಾ ನಿಮ್ದು. ಜಾಸ್ತಿ ಕೊಟ್ಟೋರಿಗೆ ಜಾಸ್ತಿ, ಕಮ್ಮಿ ಕೊಟ್ಟೋರಿಗೆ ಕಮ್ಮಿ, ಅವರವರ ಪಾಲಿನ ಹಂಗೆ. ಆದ್ರೆ ಎಲ್ರಿಗೂ ಒಂದೇ ದಿನ. ಕೂಗಿದ್ರೂ ಅಷ್ಟೇ, ಸುಮ್ನಿದ್ರೂ ಅಷ್ಟೇ. ಬಡ್ಡಿ ಮಾತ್ರ ಇವತ್ತಿಗೆ ನಿಲ್ಸ್‌ಬೇಕು. ಬಡ್ಡಿ ಓಡ್ತಿದ್ರೆ ನಾನು ಸಾಯೋತಂಕ ಬಡ್ಸಿದ್ರೂ ನಿಮ್ ಎಲೆ ತುಂಬಲ್ಲ."

ಯಜಮಾನರು ಎದ್ದೇಬಿಟ್ಟರು. "ಬಡ್ಡಿ ಬಿಟ್ಟು ನಾನೇನ್ ಭಜನೆ ಮಾಡ್ಲಾ? ಸಾಬ್ರೆ, ನಾಳೆ ಲಾರಿ ತಂದು ನಿಮ್ ಕೊಪ್ಪರಿಗೆ, ಕುರ್ಚಿ ಎಲ್ಲಾ ಹೇರ್ಕಂಡ್ ಹೋಗ್ತೀನಿ."

"ಹೇರ್ಕಳ್ರಿ" ಎಂದರು ಚಾಚಾ, ಸಮಾಧಾನವಾಗಿ. "ನಿಮ್ ಸಾಲದಾಗೆ ಕಾಲು ಭಾಗನೂ ಹುಟ್ಟಲ್ಲ. ಕೊಪ್ಪರಿಗೆ ಹೋದ್ಮೇಲೆ ನಾನು ದುಡಿಯಾದು ಯಾತ್ರಲ್ಲಿ? ಈ ಹೂವಿನೋನಿಗೆ ಯಾರ್ ಕೊಡ್ತಾರೆ, ನೀವ್ ಕೊಡ್ತೀರಾ?"

ಗಲಾಟೆಯಾಯಿತು. ನಾನೂ ನನ್ನ ಕಂಠಕ್ಕೆ ತಕ್ಕಷ್ಟು ಕೂಗಿದೆ. ಎಲ್ಲರೂ ದಣಿದ ಮೇಲೆ ಯಜಮಾನರು ಕೂತು ಟೀ ಮುಗಿಸಿ ಅಂದರು: "ಬಡ್ಡಿ ನಿಲ್ಲುಸ್ತೀನಿ. ಒಂದ್ ತಿಂಗ್ಳು ನೀವು ಬರ್ದೆ ಹೋದ್ರೆ ಕೊಪ್ಪರಿಗೆ ನಂದು. ಇನ್ನೊಂದು, ಸಾವಿನ್ ಮನೆಗೆ ಬಿಟ್ಟಿ ಶಾಮಿಯಾನ ಕೊಡಾದು ನಿಲ್ಸಿ. ಅದು ಈಗ ನಮ್ ದುಡ್ಡು."

ಇದನ್ನು ಹೇಳಬೇಕು. ಚಾಚಾ ಸಾವಾದ ಮನೆಗೆ ಶಾಮಿಯಾನ, ಕುರ್ಚಿ ಕೊಟ್ಟು ಎಂದೂ ಬಾಡಿಗೆ ತೆಗೆದುಕೊಂಡವರಲ್ಲ. ಯಾವ ಜಾತಿಯ ಮನೆಯಾದರೂ ಸರಿ, ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಷ್ಟು ಹೊತ್ತು ಎಲ್ಲದಕ್ಕೂ ತಗ್ಗಿ ಮಾತಾಡಿದ್ದ ಮನುಷ್ಯ ಆಗ ಮಾತ್ರ ತಗ್ಗಲಿಲ್ಲ. "ನನ್ ಹಿಟ್ಟಿನ ಪಾಲಲ್ಲಿ ಹಿಡ್ಕಳ್ರಿ. ಅದ್ನ ನಿಲ್ಸಲ್ಲ" ಎಂದರು. ಯಜಮಾನರು ಅದಕ್ಕೂ ಒಪ್ಪಿದರು. ಸಾಲ ತೀರಿಸಬೇಕಾದವನ ಗತ್ತು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು.

ಅಲ್ಲಿಂದ ಶುರುವಾಯಿತು ಬಿಳಿ ಜುಬ್ಬದ ನಡಿಗೆ. ಮೊದಲ ದಿನ ಬಜಾರಿನವರು ಅಂಗಡಿಯಿಂದ ಕತ್ತು ಚಾಚಿ ನೋಡಿದರು. "ಸಾಬ್ರು ಹೊಂಟ್ರು ನೋಡು, ದಾನ ಮಾಡಾಕೆ" ಎಂದು ಯಾರೋ ಕುಹಕವಾಡಿದರು. ಚಾಚಾ ನಿಂತು, "ದಾನ ಅಲ್ಲಪ್ಪ, ಋಣ. ನಿಂಗೂ ಕೊಡಾದೈತಾ ಹೇಳು, ಪಂಕ್ತಿನಾಗೆ ಕೂರುಸ್ತೀನಿ" ಎಂದರು. ಆಮೇಲೆ ಯಾರೂ ಕೆಣಕಲಿಲ್ಲ.

ಆಷಾಢ ಬಂತು, ಮದುವೆಗಳು ನಿಂತವು. ಈ ಸಲ ಚಾಚಾ ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಯಜಮಾನರು ಲಾರಿಗೆ ಹೇಳಿಟ್ಟಿದ್ದಾರೆಂದು ಸುದ್ದಿಯಿತ್ತು. ಮೊದಲ ದಿನ ಬಿಸಿಲು ಏರಿತು, ಜುಬ್ಬ ಕಾಣಿಸಿತು. ನನ್ನ ಮೇಜಿನ ಮೇಲೆ ಅವರು ಇಟ್ಟದ್ದು ಎರಡು ಟೀಗೆ ಆಗುವಷ್ಟು.

"ಇದೇನ್ ಚಾಚಾ?"

"ಎಲೆ ಮೇಲೆ ಮೊದ್ಲು ಬಡ್ಸೋದು ಏನು?"

"ಉಪ್ಪು."

"ಈ ತಿಂಗ್ಳು ಉಪ್ಪು. ಎಲೆ ಖಾಲಿ ಬಿಡ್ಬಾರ್ದು."

ಯಜಮಾನರಿಗೂ ಅಂದು ಹೊಳಲ್ಕೆರೆಗೆ ಹೋಗಿ ಅಂಥದ್ದೇ ಉಪ್ಪು ಬಡಿಸಿ ಬಂದಿದ್ದರು. ಬಸ್ಸಿನ ಚಾರ್ಜು ಅದಕ್ಕಿಂತ ಹೆಚ್ಚಾಗಿತ್ತು. ಆದರೂ ಹೋಗಿದ್ದರು. ಆಮೇಲಿಂದ ದುಡಿಮೆಯಿಲ್ಲದ ತಿಂಗಳನ್ನು ನಮ್ಮ ಪಂಕ್ತಿಯವರೆಲ್ಲ 'ಉಪ್ಪಿನ ತಿಂಗಳು' ಎನ್ನತೊಡಗಿದೆವು.

ಒಂದು ಸಲ ಹೂವಿನವನು ಅಳುತ್ತ ಬಂದ. ಹೆಂಡತಿಗೆ ಆಪರೇಷನ್ ಆಗಬೇಕು, ತನ್ನ ಬಾಕಿಯನ್ನೆಲ್ಲ ಒಟ್ಟಿಗೆ ಕೊಟ್ಟರೆ ಬದುಕುತ್ತಾಳೆ ಎಂದ. ಚಾಚಾ ಕೈಯಲ್ಲಿ ಆ ತಿಂಗಳ ದುಡ್ಡಿತ್ತು, ಅವನ ಬಾಕಿಗೆ ಸಾಲುವಷ್ಟೇ ಇತ್ತು. ತೆಗೆದು ಕೊಡಬಹುದಿತ್ತು. "ನಾಳೆ ಬಾರಪ್ಪ, ಅವ್ರನ್ನ ಕೇಳ್ದೆ ಕೊಡಕ್ ಬರಲ್ಲ" ಎಂದರು. ನನಗೆ ಸಿಟ್ಟು ಬಂತು. "ಚಾಚಾ, ಇದಕ್ಕೂ ಕೇಳ್ಬೇಕಾ?" ಎಂದು ರೇಗಿದೆ. "ಪಂಕ್ತಿ ಮುರಿಯಾಕೆ ನಾನ್ಯಾರು? ಊಟ ಅವ್ರದು, ನಾನು ಬಡಿಸೋನು" ಎಂದು ಆಗಲೇ ಹೊರಟರು. ಒಬ್ಬೊಬ್ಬರ ಬಾಗಿಲಿಗೂ ಹೋಗಿ, "ಈ ಸಲ ನಿಮ್ ಎಲೆ ಖಾಲಿ. ಹೂವಿನೋನಿಗೆ ಬಡಿಸ್ಲಾ?" ಎಂದು ಕೇಳಿದರು. ಒಬ್ಬರೂ ಇಲ್ಲವೆನ್ನಲಿಲ್ಲ. ಫೈನಾನ್ಸ್ ಯಜಮಾನರು ಮಾತ್ರ, "ಖಾಲಿ ಎಲೆ ಮುಂದೆ ಎಷ್ಟೊತ್ತು ಕೂರ್ಲಿ ಸಾಬ್ರೆ?" ಎಂದು ಗೊಣಗಿ, ಕೊನೆಗೆ ತಲೆಯಾಡಿಸಿದರಂತೆ. ಮರುದಿನ ಹೂವಿನವನ ಕೈಗೆ ದುಡ್ಡು ಬಂತು. ಅವನ ಹೆಂಡತಿ ಇವತ್ತಿಗೂ ಬಾಗೂರಿನಿಂದ ಬುಟ್ಟಿ ಹೊತ್ತು ಬರುತ್ತಾಳೆ. ಚಾಚಾ ಕದ್ದು ಕೊಟ್ಟಿದ್ದರೆ ಒಬ್ಬ ಮನುಷ್ಯನ ಉಪಕಾರವಾಗುತ್ತಿತ್ತು, ಅವರು ಕೇಳಿ ಕೊಟ್ಟದ್ದರಿಂದ ನಮ್ಮೆಲ್ಲರದೂ ಆಯಿತು. ನನ್ನಂಥವನೂ ಆ ತಿಂಗಳು ದೊಡ್ಡ ಮನುಷ್ಯನ ಹಾಗೆ ಓಡಾಡಿದೆ.

ಯಜಮಾನರ ತಾಯಿ ತೀರಿಕೊಂಡಾಗ ಸುದ್ದಿ ಬಂದ ಗಳಿಗೆಯಲ್ಲೇ ಚಾಚಾ ಆಟೊ ತುಂಬಿಸಿದರು. ಹೊಳಲ್ಕೆರೆಗೆ ನಾನೂ ಹೋಗಿದ್ದೆ. ಆ ವಯಸ್ಸಲ್ಲೂ ತಾವೇ ಸುತ್ತಿಗೆ ಹಿಡಿದು ಅಂಗಳದಲ್ಲಿ ಗೂಟ ಹೊಡೆದರು. ಕಾರ್ಯವೆಲ್ಲ ಮುಗಿದ ಮೇಲೆ ಯಜಮಾನರು ಬಂದು ತಗ್ಗಿದ ದನಿಯಲ್ಲಿ, "ಸಾಬ್ರೆ, ಬಾಡಿಗೆ ನಿಮ್ ಬಾಕಿನಾಗೆ ಮುರ್ಕಳ್ರಿ" ಎಂದರು.

"ಅದು ಬೇರೆ, ಇದು ಬೇರೆ" ಎಂದರು ಚಾಚಾ. "ಕೊಡಾದು ಕೊಡ್ತೀನಿ. ಸಾವಿನ್ ಮನೇಲಿ ಯಾಪಾರ ಮಾಡಲ್ಲ."

ಹಗ್ಗ ಬಿಚ್ಚುವಾಗ ಯಜಮಾನರು ತಾವೂ ಬಂದು ಒಂದು ಗಂಟಿನ ಮುಂದೆ ಕೂತರು. ಉಗುರು ಸೋತು ಚಾಕು ತರಿಸಲು ಹೋದಾಗ ಚಾಚಾ, "ಕೊಯ್ಬೇಡ್ರಿ, ಬಿಡ್ರಿ, ನಾನ್ ಬಿಡುಸ್ತೀನಿ" ಎಂದರು. ಆ ಲಾರಿಯ ಮಾತು ಮತ್ತೆಂದೂ ಕೇಳಲಿಲ್ಲ.

ವರ್ಷಗಳು ಹಿಡಿದವು. ಉಪ್ಪಿನ ತಿಂಗಳು ಬಂದವು, ಹೋಳಿಗೆಯ ತಿಂಗಳೂ ಬಂದವು. ಒಂದು ಮಾಘದ ಕೊನೆಗೆ, ಹೂವಿನವನನ್ನು ಬಿಟ್ಟು ಉಳಿದ ಎಲ್ಲರ ಬಾಕಿಯೂ ಒಂದೇ ದಿನ ತೀರಿತು. ಒಂದೇ ದಿನ ತೀರುವ ಹಾಗೆ ಪಾಲು ಹಾಕಿಕೊಂಡು ಬಂದಿದ್ದರಲ್ಲ. ನಾನು ಮೈಕು ಕಟ್ಟಿ ಊರಿಗೆಲ್ಲ ಸಾರುತ್ತೇನೆಂದು ಹಟ ಹಿಡಿದೆ. "ಸುಮ್ನಿರೋ ಲೇ, ಊಟ ಆದ್ಮೇಲೆ ಬಾಯಿ ಒರ್ಸ್ಕಂತಾರೆ, ಡಂಗುರ ಹೊಡೆಯಲ್ಲ" ಎಂದರು. ಮರುತಿಂಗಳು ಮೊದಲ ದಿನ, ಬಿಸಿಲು ಏರುವ ಹೊತ್ತಿಗೆ, ನೋಡುತ್ತೇನೆ, ಅದೇ ಬಿಳಿ ಜುಬ್ಬ ನಡು ಬಜಾರಿನಲ್ಲಿ ಬರುತ್ತಿದೆ.

"ಇವತ್ತ್ಯಾಕೆ ಚಾಚಾ? ಬಾಕಿ ಇಲ್ವಲ್ಲ?"

"ಟೀ ಕುಡ್ಯಾಕೆ. ಇಷ್ಟ್ ವರ್ಷ ನಿನ್ ಟೀ ಗಂಟ್ಲಾಗೆ ಇಳಿದಿರ್ಲಿಲ್ಲ, ರುಚಿ ನೋಡಾಣ ಅಂತ."

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಬಂದರು. ಈ ತಿಂಗಳು ಬರಲಿಲ್ಲ. ಅದಕ್ಕೆ ಎರಡು ದಿನ ಮುಂಚೆ, ಬೆಳಗಿನ ನಮಾಜಿಗೆ ಎದ್ದವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು.

ಅವರ ಮನೆಯ ಮುಂದೆ ಅವರದೇ ಶಾಮಿಯಾನ. ಗೂಟ ಹೊಡೆಯಲು ಹೂವಿನವನು ಬಾಗೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ. ಓಣಿ ತುಂಬಿ ಬಜಾರಿನವರೆಗೆ ಜನ. ಎತ್ತುವ ಹೊತ್ತಾಯಿತು. ಚಾಚಾರ ಮಗ ಮುಂದೆ ಬಂದು ನಿಂತ. ಮೈಕು ತರಲೇ ಎಂದು ನಾನು ಸನ್ನೆ ಮಾಡಿದರೆ ಬೇಡವೆಂದ.

"ನಮ್ ಅಬ್ಬಾ..." ಎಂದು ತಡೆದು, ಮತ್ತೆ ಶುರು ಮಾಡಿದ. "ನಮ್ ಅಬ್ಬಾ ಯಾರಿಗಾದ್ರೂ ಏನಾದ್ರೂ ಕೊಡಾದು ಉಳ್ಸಿದ್ರೆ ಹೇಳ್ರಿ. ನಾನು ತೀರುಸ್ತೀನಿ."

ಒಂದು ಕೈಯೂ ಏಳಲಿಲ್ಲ. ಆ ಕೆರೆಯ ದಂಡೆಯ ಸಂಜೆ ನನಗೆ ನೆನಪಾಯಿತು. ಗೆದ್ದಿರಿ ಚಾಚಾ, ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

ಫೈನಾನ್ಸ್ ಯಜಮಾನರದು. ಜನ ಗುಜುಗುಜು ಎಂದರು. ಹುಡುಗನ ಮುಖ ಬಿಳಿಚಿಕೊಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಯಜಮಾನರು ಕೋಲೂರಿ ಎದ್ದು ನಿಂತರು. "ಎಲ್ಲಾರು ಕೇಳುಸ್ಕಳ್ರಿ" ಎಂದರು. "ಈ ಮನುಷ್ಯಂಗೆ ಎಲ್ಲಾರ್ಗಿಂತ ಜಾಸ್ತಿ ಸಾಲ ಕೊಟ್ಟೋನು ನಾನು. ಕೊಪ್ಪರಿಗೆ ಹೇರ್ಕಂಡ್ ಹೋಗ್ತೀನಿ ಅಂದೋನೂ ನಾನೇ. ಸುಮ್ನಿದ್ರೆ ನಾನೇ ಬಾಕಿ ಬಿಟ್ಕೊಟ್ಟೀನೇನೋ ಅಂತ ಯಾರಾನ ಅಂದ್ಕಂಡಾರು. ಬಿಟ್ಟಿಲ್ಲ. ನಂದು ಪೂರ್ತಿ ಬಂದೈತೆ."

ಅವರು ಕೂತರು. ಪಕ್ಕದಲ್ಲಿ ಪಾತ್ರೆಯವರು ಎದ್ದರು. "ನಂದೂ ಬಂದೈತೆ." ಆಮೇಲೆ ಬಟ್ಟೆಯವರು. "ನಂದೂ." ನೆಂಟರಿಬ್ಬರು ಅಳುತ್ತಲೇ ಹೇಳಿದರು. ಕಂಬ ಹಿಡಿದು ನಿಂತಿದ್ದ ಹೂವಿನವನು ಒಂದು ಕೈ ಎತ್ತಿ, "ನಂದು ಎಲ್ಲಾರ್ಗಿಂತ ಮೊದ್ಲೇ ಬಂದೈತೆ, ಸ್ವಾಮಿ" ಎಂದ. ಚಾಚಾರ ಮಗ ಒಬ್ಬೊಬ್ಬರ ಮುಖವನ್ನೂ ನೇರವಾಗಿ ನೋಡುತ್ತ ನಿಂತಿದ್ದ.

ಕೊನೆಯ ಎಲೆ ನನ್ನದು. ಜೀವಮಾನವೆಲ್ಲ ಊರಿಗೆ ಮೈಕು ಕಟ್ಟಿದವನು ನಾನು. ಅವತ್ತು ಮೈಕಿಲ್ಲದೆ, ಓಣಿ ದಾಟಿ ನಡು ಬಜಾರಿನವರೆಗೆ ಕೇಳುವ ಹಾಗೆ ಕೂಗಿ ಹೇಳಿದೆ: "ನಂದೂ ಬಂದೈತೆ!"